ತುಂಬಿದ ಸೈಕಲ್ಲು ಇಳಿಯುವುದೆಂದರೆ

ದಾರಿ ಮುಚ್ಚಿದ್ದು ನನ್ನ ಬಾಯಿಂದ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲವಾದರೆ ನಡುವೆ ಎಲ್ಲೋ ಒಂದು ಕಡೆ ನಾನು ಜಾಣನೆಂದು ನಿಮಗೆ ಅನ್ನಿಸಿಬಿಡಬಹುದು, ಆಮೇಲೆ ನಿಜ ತಿಳಿದು ಇಬ್ಬರಿಗೂ ಮುಜುಗರ. ಸವಣೂರಿನ ಎಲೆತೋಟಗಳಿಂದ ಯಲವಿಗಿ ಸ್ಟೇಷನ್ನಿಗೆ ಹೊಲಗಳ ನಡುವೆ ಹಾಯ್ದು ಹೋಗುವ ಕಾಲುದಾರಿಗೆ ಒಂದು ಮುಂಜಾನೆ ಜಾಲಿಮುಳ್ಳು ಬಿತ್ತು. ಸರ್ಕಾರ ಹಾಕಿಸಿದ್ದಲ್ಲ, ಗಾಳಿಗೆ ಬಂದು ಬಿದ್ದದ್ದೂ ಅಲ್ಲ. ಮೂರು ಮಂದಿ ಸವಾರರ ಅನ್ನಕ್ಕೆ ಅಡ್ಡವಾಗಿ ಬಿದ್ದ ಆ ಮುಳ್ಳಿಗೆ ಕಾರಣ ಒಂದು ಇದ್ದಿಲಿನ ಮೋಟಾರು. ಆ ಮೋಟಾರು ನಾನೇ.

ಅದು ಯುದ್ಧದ ಕಾಲ. ಪೆಟ್ರೋಲಿನ ಹೆಸರಷ್ಟೇ ಉಳಿದಿತ್ತು. ಸವಣೂರಿನಿಂದ ಸ್ಟೇಷನ್ನಿಗೆ ಓಡುತ್ತಿದ್ದ ಮೋಟಾರಿನ ಬೆನ್ನಿಗೆ ಒಂದು ಇದ್ದಿಲ ಒಲೆ ಕಟ್ಟಿದ್ದರು. ಕ್ಲೀನರು ಅರ್ಧ ತಾಸು ಅದರ ಗಾಳಿಚಕ್ರ ತಿರುವಿದ ಮೇಲೆ ಅದು ಮೊದಲು ಕೆಮ್ಮುತ್ತಿತ್ತು, ಆಮೇಲೆ ನರಳುತ್ತಿತ್ತು, ಕೊನೆಗೆ ಗಂಟಲು ಕಟ್ಟಿದ ಹೋರಿಯಂತೆ ಹಾರನ್ನು ಬಿಟ್ಟು ಹೊರಡುತ್ತಿತ್ತು. ಏರು ಬಂದರೆ ಒಳಗೆ ಕೂತವರೆಲ್ಲ ಇಳಿದು ನೂಕಬೇಕು. ಈ ಕೆಮ್ಮು, ನರಳಾಟ, ಹಾರನ್ನು, ನೂಕುವವರ ಬೈಗಳು ಸಮೇತ ನಾನು ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ನಮ್ಮದು ಶಾಸ್ತ್ರ ಪಾಠ ಹೇಳುವವರ ಮನೆತನ. ನಾಲ್ಕು ತಲೆಮಾರಿನ ಕಂಠಪಾಠದ ಶಕ್ತಿ ನನ್ನವರೆಗೆ ಬರುವಾಗ ಎಲ್ಲೋ ದಾರಿ ತಪ್ಪಿ, ಕೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸುವ ಚಟವಾಗಿತ್ತು. ಅಪ್ಪ ಪಾಠದ ನಡುವೆ ನಶ್ಯ ಏರಿಸಿ ಸೀನುವುದನ್ನು ನಾನು ಮಾಡಿದರೆ, ಒಳಗಿನಿಂದ ಅವ್ವ ಅಪ್ಪನಿಗೇ ನೀರು ತಂದು ಕೊಡುತ್ತಿದ್ದಳು.

ಬಳ್ಳಿಯಿಂದ ಬಿಡಿಸಿದ ವೀಳ್ಯದೆಲೆ ಮೋಟಾರಿನ ಮರ್ಜಿ ಕಾಯುವುದಿಲ್ಲ. ಹೀಗಾಗಿ ನಮ್ಮ ವ್ಯಾಪಾರಿ ಎಲೆಬುಟ್ಟಿಗಳನ್ನು ಸೈಕಲ್ಲಿಗೆ ಏರಿಸಿದ. ಅವನ ಅಂಗಡಿಯಲ್ಲಿ ಪತ್ರ ಬರೆಯುತ್ತ ಕೂತಿದ್ದ ನಾನೂ ಬುಟ್ಟಿಯ ಜೊತೆಗೆ ಏರಿದೆ. ಇದ್ದವರು ಮೂರೇ ಮಂದಿ. ಒಬ್ಬರು ಚಾಚಾ: ಐವತ್ತು ದಾಟಿದವರು, ಪ್ರತಿ ಮಾತಿಗೂ ಮೊದಲು ಗಂಟಲು ಕೆರೆದು, ಆಮೇಲೆ ಆ ಮಾತು ಬೇಕೋ ಬೇಡವೋ ಎಂದು ಯೋಚಿಸುವವರು. ಇನ್ನೊಬ್ಬ ಹಿರೇಕೆರೂರಿನ ಆಚೆ ಅಬಲೂರಿನ ಪೈಲವಾನ. ಅವನ ಕೆಳಗೆ ಸೈಕಲ್ಲು ಮಕ್ಕಳ ಆಟಿಕೆಯಂತೆ ಕಾಣುತ್ತಿತ್ತು. ಮೂರನೆಯವನು ನಾನು. ನನ್ನ ಮೇಲೆ ಬುಟ್ಟಿ ಕೂತಿದೆಯೋ, ಬುಟ್ಟಿಯ ಮುಂದೆ ನಾನು ಕೂತಿದ್ದೇನೋ ಎಂದು ದೂರದಿಂದ ತಿಳಿಯುತ್ತಿರಲಿಲ್ಲ ಎಂದು ಪೈಲವಾನ ಹೇಳುತ್ತಿದ್ದ.

ಕೆಲಸ ಹೀಗೆ. ಹಾನಗಲ್ಲಿನ ಕಡೆಯಿಂದ ಬಂದ ಬಿದಿರಿನ ಬುಟ್ಟಿಯೊಳಗೆ ಬಾಳೆಎಲೆ ಹಾಸಿ, ವೀಳ್ಯದೆಲೆಯ ಕಟ್ಟುಗಳನ್ನು ಸುತ್ತಲೂ ಒತ್ತಿ ಜೋಡಿಸಿ, ಮೇಲೆ ಹಸಿ ಗೋಣಿತಟ್ಟು ಮುಚ್ಚಿ ಹೊಲಿಯುತ್ತಿದ್ದರು. ಅದನ್ನು ಕ್ಯಾರಿಯರಿನ ಮೇಲೆ ಇಟ್ಟು ಹಗ್ಗದಿಂದ ಬಿಗಿದರೆ ಸೈಕಲ್ಲಿನ ಜೀವವೆಲ್ಲ ಹಿಂದಕ್ಕೆ ಹೋಗಿ, ಮುಂದಿನ ಗಾಲಿ ಹಗುರಾಗಿ ಮೂಗು ಎತ್ತುತ್ತಿತ್ತು. ಒಬ್ಬರು ಹಿಂದೆ ಹಿಡಿದು ನಿಂತರೆ ಮಾತ್ರ ಸವಾರ ಹತ್ತಬಹುದು. ಹತ್ತಿದ ಮೇಲೆ ಸ್ಟೇಷನ್ನಿನಲ್ಲಿ ಹಮಾಲ ಬಂದು ಹಿಡಿಯುವವರೆಗೆ ಇಳಿಯುವ ಮಾತಿಲ್ಲ. ಹುಬ್ಬಳ್ಳಿಗೆ ಹೋಗುವ ರೈಲುಗಾಡಿ ಮುಂಜಾನೆ ಬರುತ್ತಿತ್ತು. ಅದು ಬರುವುದಕ್ಕೆ ಮೊದಲೇ ಪಾರ್ಸಲ್ ಗುಮಾಸ್ತರು ತಕ್ಕಡಿ ಮುಚ್ಚುತ್ತಿದ್ದರು. ಗಾಡಿ ತಪ್ಪಿದರೆ ಎಲೆ ಮಧ್ಯಾಹ್ನದ ಬಿಸಿಲಿಗೆ ಬೆವರಿ, ಅಂಚು ಕಪ್ಪಾಗಿ, ಮರುದಿನಕ್ಕೆ ದನವೂ ಮೂಸುವುದಿಲ್ಲ.

ದೊಡ್ಡ ರಸ್ತೆ ಸುತ್ತು. ಸುತ್ತಾದರೂ ಆಗಲಿ ಎನ್ನಬಹುದಿತ್ತು, ಆದರೆ ಅದರ ತುಂಬ ಚೂಪಾದ ಖಡಿಕಲ್ಲು ಎದ್ದು ನಿಂತಿತ್ತು. ಆಗ ಹೊಸ ಟೈರು ಬೇಕೆಂದರೆ ಪರ್ಮಿಟ್ಟು ಬೇಕು, ಪರ್ಮಿಟ್ಟು ಬೇಕೆಂದರೆ ನಮ್ಮಂಥವರು ಇನ್ನೊಂದು ಜನ್ಮ ಎತ್ತಬೇಕು. ಚಾಚಾ ತಮ್ಮ ಹಿಂದಿನ ಟೈರಿನೊಳಗೆ ಎರಡು ಕಡೆ ಹಳೆಯ ಟೈರಿನ ತುಂಡು ಇಟ್ಟು, ದಾರದಿಂದ ಹೊಲಿಸಿಕೊಂಡು ಬಂದಿದ್ದರು, ಶಿಗ್ಗಾಂವಿಯ ಒಬ್ಬ ಚಮ್ಮಾರನ ಹತ್ತಿರ. ಅದು ಹೋದರೆ ಅವರ ಕೆಲಸ ಹೋಯಿತು. ವ್ಯಾಪಾರಿ ಆಗಲೇ ಎತ್ತಿನ ಗಾಡಿಯವನೊಬ್ಬನ ಜೊತೆ ಮಾತಾಡತೊಡಗಿದ್ದ. ಹಾಗಾಗಿ ಮೆತ್ತನೆಯ ಆ ಕಾಲುದಾರಿ ನಮಗೆ ಬರೀ ಹತ್ತಿರದ ದಾರಿಯಾಗಿರಲಿಲ್ಲ.

ಆ ದಾರಿಯಲ್ಲಿ ಬಹಳ ಹೊತ್ತು ಸಾಗುವುದು ಒಂದೇ ಹೊಲದ ಒಡ್ಡಿನ ಮೇಲೆ. ಒಡ್ಡಿನ ತಲೆ ಎರಡು ಮೊಳ ಅಗಲ, ಎರಡೂ ಕಡೆ ಎರೆಭೂಮಿ. ಅದರ ಮೇಲೆ ನಡೆಯುವವರು, ಎಮ್ಮೆ, ಮೇವು ಹೊತ್ತವರು, ಶಿಗ್ಗಾಂವಿಯಿಂದ ಸೀರೆಗಂಟು ಕಟ್ಟಿಕೊಂಡು ಬರುವ ಸೈಕಲ್ ವ್ಯಾಪಾರಿ, ನಾವು. ಬರೆದಿಡದಿದ್ದರೂ ಸವಾರರ ನಡುವೆ ಪದ್ಧತಿ ಪಕ್ಕಾ ಇತ್ತು. ಇಪ್ಪತ್ತು ಹೆಜ್ಜೆ ಮೊದಲೇ ಒಂದು ಸಲ ಬೆಲ್ಲು, ಒಂದೇ ಸಲ. ಎತ್ತಿನ ಹಿಂದೆ ಬೆಲ್ಲೇ ಇಲ್ಲ, ಕೆಮ್ಮಬೇಕು. ಹಸಿ ನೆಲವಿದ್ದರೆ ಬ್ರೇಕು ಎಳೆದು ಜಾರಿಸಬಾರದು, ಗಾಲಿಯ ಗುರುತು ಒಣಗಿ ಬರಿಗಾಲಿನವರ ಹಿಮ್ಮಡಿ ತಿರುವುತ್ತದೆ. ಎಲ್ಲಕ್ಕಿಂತ ದೊಡ್ಡದು: ಹೇರು ಇದ್ದವನಿಗೆ ದಾರಿ. ಬರಿಗೈ ಸವಾರ ಇಳಿದು ಒಡ್ಡಿನ ಅಂಚಿಗೆ ನಿಂತು, ತುಂಬಿದ ಸೈಕಲ್ಲು ದಾಟುವಾಗ ಅದರ ಬುಟ್ಟಿಗೆ ಒಂದು ಕೈ ಕೊಡಬೇಕು. ಮರಳಿ ಬರುವಾಗ ನಾವೂ ಹಾಗೆಯೇ ಸೀರೆಗಂಟಿನವನಿಗೆ ಇಳಿದು ಕೈ ಕೊಡುತ್ತಿದ್ದೆವು. ನಡೆಯುವವರು? ಅವರು ಸರಿಯುತ್ತಿದ್ದರು. ಸರಿಯುತ್ತಿದ್ದರು ಎಂದು ನಾವು ತಿಳಿದಿದ್ದೆವು. ಯಾರನ್ನೂ ಕೇಳಿರಲಿಲ್ಲ.

ನನ್ನ ಬೆಲ್ಲಿನ ಒಳಗಿನ ಸ್ಪ್ರಿಂಗು ಮುರಿದು ಹದಿನೈದು ದಿನವಾಗಿತ್ತು. ಹೊಸದು ಸಿಗುವಂತಿರಲಿಲ್ಲ. ನನಗೆ ಚಿಂತೆಯೂ ಇರಲಿಲ್ಲ, ಬಾಯಿ ಇತ್ತು. ಮೊದಮೊದಲು ಬೆಲ್ಲಿನ ಸದ್ದೇ ಮಾಡಿದೆ. ಆಮೇಲೆ ಬೇಜಾರಾಗಿ ಎಮ್ಮೆ ಮಾಡಿದೆ, ಪಾರ್ಸಲ್ ಗುಮಾಸ್ತರನ್ನು ಮಾಡಿದೆ. ಆ ದಿನ ಒಡ್ಡಿನ ಮೇಲೆ ಮುಂದೆ ಒಬ್ಬ ಹೆಣ್ಣುಮಗಳು ಹೋಗುತ್ತಿದ್ದಳು. ಸಿಂಬಿಯ ಮೇಲೆ ಒಂದರ ಮೇಲೊಂದು ಎರಡು ಗಡಿಗೆ. ಚಾಚಾ, ಪೈಲವಾನ ಆಗಲೇ ದಾಟಿ ಮುಂದೆ ಹೋಗಿದ್ದರು. ಬೆನ್ನ ಹಿಂದೆ ಹತ್ತು ಹೆಜ್ಜೆ ಇದ್ದಾಗ ನಾನು ಮೋಟಾರು ಬಿಟ್ಟೆ: ಕೆಮ್ಮಿನಿಂದ ಹಿಡಿದು ಹಾರನ್ನಿನವರೆಗೆ, ಪೂರ್ತಿ.

ಹೊಲದ ನಡುವೆ ಮೋಟಾರು ಬರಲಾರದೆಂದು ಯೋಚಿಸಲಿಕ್ಕೂ ಹೊತ್ತು ಬೇಕಲ್ಲ. ಆಕೆ ಒಡ್ಡಿನಿಂದ ಹಾರಿದಳು. ಗಡಿಗೆಗಳು ಅವಳಿಗಿಂತ ಮೊದಲು ನೆಲ ಮುಟ್ಟಿದವು. ಅಂಬಲಿ, ಮಜ್ಜಿಗೆ ಎಲ್ಲ ಎರೆಮಣ್ಣಿಗೆ ಹೋಯಿತು. ಆಕೆ ಪಾದ ಹಿಡಿದುಕೊಂಡು ಕೂತಳು. ನಾನು ನಕ್ಕೆ. ನಗುತ್ತಲೇ ದಾಟಿ ಹೋದೆ. ತುಂಬಿದ ಸೈಕಲ್ಲು ಇಳಿಯುವ ಹಾಗಿಲ್ಲವೆಂಬ ಪದ್ಧತಿ ಆ ಹೊತ್ತಿಗೆ ನನಗೆ ಬಹಳ ಅನುಕೂಲವಾಯಿತು.

ಮರುದಿನ ಮುಂಜಾನೆ ಮುಂದೆ ಇದ್ದ ಚಾಚಾ ಒಮ್ಮೆಲೇ ಬ್ರೇಕು ಹಿಡಿದರು. ಒಡ್ಡಿನ ಬಾಯಿಗೆ ಎದೆಯೆತ್ತರ ಜಾಲಿಕಂಟಿ ಬಿದ್ದಿತ್ತು. ಅದರ ಆಚೆ ಬಾರಕೋಲು ಹಿಡಿದ ಆಳು ಒಬ್ಬ ನಿಂತಿದ್ದ.

“ಏನಪಾ ಇದು?” ಎಂದರು ಚಾಚಾ.

“ಅವ್ವಾರು ಹೇಳ್ಯಾರ್ರಿ. ಇನ್ನ ಈ ಹೊಲದಾಗ ಸೈಕಲ್ಲ ಬರಂಗಿಲ್ಲ.”

“ಯಾಕ?”

“ಅದನ್ನ ನಿಮ್ಮ ಮೋಟಾರಿನವರನ್ನ ಕೇಳ್ರಿ ಅಂದಾರ.”

“ಮೋಟಾರಿನವರು ಯಾರೋ?” ಎಂದ ಪೈಲವಾನ ನನ್ನ ಕಡೆ ತಿರುಗಿ. ನಾನು ಆಕಾಶ ನೋಡಿದೆ. ಆಕಾಶ ಚೆನ್ನಾಗಿತ್ತು.

ಆಳು ಮುಂದಿನಿಂದ, ಪೈಲವಾನ ತನ್ನ ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು ಹಿಂದಿನಿಂದ ಹಿಡಿದು, ನಮ್ಮನ್ನು ಹೇಗೋ ತಿರುಗಿಸಿದರು. ಖಡಿ ರಸ್ತೆ ಹಿಡಿದೆವು. ಅರ್ಧ ದಾರಿಯಲ್ಲಿ ಚಾಚಾನ ಟೈರಿನ ಹೊಲಿಗೆ ಬಿಚ್ಚಿತು. ಟ್ಯೂಬು ಗುಳ್ಳೆಯಂತೆ ಹೊರಗೆ ಬಂದು ನಮ್ಮನ್ನು ಒಮ್ಮೆ ನೋಡಿ ಒಡೆಯಿತು. ಪೈಲವಾನ ಅವರ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಒಂದು ಕೈಯಲ್ಲಿ ತನ್ನ ಸೈಕಲ್ಲು ನೂಕಿದ. ಸ್ಟೇಷನ್ನು ಕಾಣುವಾಗ ಗಾಡಿಯ ಕೊನೆಯ ಡಬ್ಬಿಯೂ ಕಂಡಿತು, ಹೋಗುತ್ತಿರುವಂತೆ. ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಮಾತಾಡುವ ಪಾರ್ಸಲ್ ಗುಮಾಸ್ತರು ಮೂರು ಬುಟ್ಟಿಗಳನ್ನೂ ನೋಡಿ, ಉಗುಳಿ ಬಂದು, “ನಾಳಿ ಎಲಿನ ಇವತ್ತ ತಂದೀರೇನು?” ಎಂದರು. ಬೇರೆ ದಿನವಾಗಿದ್ದರೆ ಅವರ ಆ ಮಾತನ್ನು ನಾನು ಒಂದು ವಾರ ಮಾಡಿ ತೋರಿಸುತ್ತಿದ್ದೆ.

ಚಾಚಾ ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ಕೂತು ಟೈರನ್ನು ಮಡಿಲಲ್ಲಿ ಇಟ್ಟುಕೊಂಡು ಹೊಲಿಗೆಯ ತೂತುಗಳ ಮೇಲೆ ಬೆರಳಾಡಿಸುತ್ತಿದ್ದರು. ತಪ್ಪು ನನ್ನದೆಂದು ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಬೇರೆ ಯಾರದೋ ದನಿ ಬರುತ್ತಿತ್ತು. ಮುಚ್ಚಿದೆ.

ಟೈರು ಮತ್ತೆ ಹೊಲಿಸಿ, ಹೇಗೋ ಎರಡು ದಿನ ಖಡಿ ರಸ್ತೆಯಲ್ಲೇ ಸಾಗಿಸಿದೆವು. ಪೈಲವಾನನಿಗೆ ಸಿಟ್ಟು ಏರುತ್ತಿತ್ತು. “ಹೊಲದ ಹೆಂಗಸು ದಾರಿ ಮುಚ್ಚೂದಂದ್ರೇನು. ನಾ ಮುಳ್ಳ ತಗದ ಒಗೀತೇನಿ,” ಎಂದು ಹೊರಟ. ಹೋಗಿ ನೋಡಿದರೆ ಕಂಟಿಯ ಹಿಂದೆ ಒಡ್ಡಿನ ಮೇಲೆ ಆ ಹೆಣ್ಣುಮಗಳೇ ಕೂತಿದ್ದಳಂತೆ, ಹಿಮ್ಮಡಿಗೆ ಅರಿಶಿಣ ಪಟ್ಟಿ ಕಟ್ಟಿಕೊಂಡು, ಜೋಳ ಹಸನು ಮಾಡುತ್ತ.  ಪೈಲವಾನ ಮಳೆ ಬಗ್ಗೆ ಏನೋ ಕೇಳಿ ಮರಳಿ ಬಂದ.

ಆಮೇಲೆ ಊರ ಗೌಡರ ಹತ್ತಿರ ಹೋದೆವು. ಅವರು ಗಡ್ಡ ಕೆರೆದು ಹೇಳಿದರು: “ಆ ದಾರಿ ನಕಾಶದಾಗ ಇಲ್ರೆಪಾ. ಆಕಿ ಬಿಟ್ರ ದಾರಿ, ಬಿಡದಿದ್ರ ಒಡ್ಡು. ಗಂಡ ಹೋದ ಮ್ಯಾಲ ಆ ಹೊಲ ಒಬ್ಬಾಕಿನ ಮಾಡ್ಯಾಳ. ಹತ್ತಿಮತ್ತೂರ ಹೆಣ್ಣಮಗಳದು. ನಾ ಹೇಳಿದ್ರ ನನಗೂ ಮುಳ್ಳ ಹಚ್ಚತಾಳ.”

ಗೌಡರ ಕಟ್ಟೆಯಿಂದ ಇಳಿಯುವಾಗ ಚಾಚಾ ನಿಧಾನಕ್ಕೆ, “ಎತ್ತಿನ ಗಾಡಿಯವನ ಕೂಡ ವ್ಯಾಪಾರಿ ಮಾತ ಮುಗಿಸ್ಯಾನಂತ. ಈ ವಾರ ಅಷ್ಟ ನಮ್ಮ ದಾರಿ ನೋಡ್ತಾನಂತ,” ಎಂದರು. ಯಾರನ್ನೂ ಬೈಯದೆ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ರಸ್ತೆಯಲ್ಲೇ ನಿಂತು ಎಲ್ಲ ಹೇಳಿದೆ: ಗಡಿಗೆ, ಅಂಬಲಿ, ಪಾದ, ನನ್ನ ನಗು.

ಪೈಲವಾನ ನನ್ನ ಕುತ್ತಿಗೆಯ ಪಟ್ಟಿ ಹಿಡಿದು ಎತ್ತಿದ. ನಾನು ಎತ್ತಲು ಸಸಾರವಾದ ಮನುಷ್ಯ. “ನಾಕ ದಿನಾ ಬಾಯಿ ಮುಚ್ಕೊಂಡ ಕುಂತಿದ್ಯಲ್ಲೋ. ಅದ ಬಾಯಿ ಆವತ್ತ ಮುಚ್ಚಾಕ ಏನಾಗಿತ್ತು?”

ಚಾಚಾ ಗಂಟಲು ಕೆರೆದರು. ಈ ಸಲ ಯೋಚಿಸಲಿಕ್ಕೆ ಬಹಳ ಹೊತ್ತು ತೆಗೆದುಕೊಂಡರು. “ಇಳಸು ಅವನ್ನ,” ಎಂದು ಪೈಲವಾನನಿಗೆ ಹೇಳಿ, ನನಗೆ, “ಬೇಟಾ, ನೀ ಹೋಗಿ ಮಾಫಿ ಕೇಳು. ಒಬ್ಬನ ಹೋಗು. ಸೈಕಲ್ಲ ಒಯ್ಯಬ್ಯಾಡ,” ಎಂದರು.

ನಡೆದು ಹೋದೆ. ಆಕೆಯ ಮನೆ ಹೊಲದ ಅಂಚಿಗೇ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದಳು. ನಾನು ಅಂಗಳದಲ್ಲಿ ನಿಂತು ದಾರಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. “ಅಕ್ಕಾರ, ನನ್ನ ಕಡಿಂದ ತಪ್ಪಾಗ್ಯದ. ಹುಡುಗಾಟಕಿ ಮಾಡಲಿಕ್ಕೆ ಹೋಗಿ...” ಎನ್ನುತ್ತಿದ್ದಂತೆ, ಭಯಕ್ಕೆ, ನನ್ನ ದನಿ ಗೌಡರ ದನಿಯಾಯಿತು. ಸರಿಪಡಿಸಿಕೊಳ್ಳಲು ಹೋದರೆ ಅಪ್ಪನದಾಯಿತು. ನನ್ನ ಸ್ವಂತದ್ದು ಯಾವುದೆಂದು ಆ ಅಂಗಳದಲ್ಲಿ ನಿಂತು ಹುಡುಕಿದೆ, ಬೇಗ ಸಿಗಲಿಲ್ಲ.

ಆಕೆ ಇಳಿಗೆಮಣೆ ಪಕ್ಕಕ್ಕೆ ಸರಿಸಿದಳು. “ನೀ ಆಚಾರ್ರ ಮಗ ಅಲ್ಲೇನು? ಮುಗೀತೇನು ನಿಂದು? ಈಗ ನಾ ಮಾಡ್ತೇನಿ, ಕೇಳು.”

ಮಾಡಿದಳು. ಕೆಮ್ಮು, ನರಳಾಟ, ಹಾರನ್ನು, ಒಂದೂ ಬಿಡದೆ. ಹಾರನ್ನಿನಲ್ಲಿ ನಾನು ಉಸಿರು ಸಾಲದೆ ಒಂದು ಕಡೆ ಕಡಿಮೆ ಮಾಡುತ್ತೇನೆ, ಅದನ್ನೂ ಬಿಡಲಿಲ್ಲ. ಆಮೇಲೆ ನಕ್ಕಳು. ಅವಳ ನಗುವಲ್ಲ, ನನ್ನದು. ಮೂಗಿನಲ್ಲಿ ಹುಟ್ಟಿ ದೂರ ಹೋಗುತ್ತ ಸಣ್ಣದಾಗುವ ನಗು, ಬೆನ್ನು ತಿರುಗಿಸಿಕೊಂಡು ಹೋಗುತ್ತಿರುವವನ ನಗು. ಊರಿನ ಅರ್ಧ ಜನರನ್ನು ನಾನು ಮಾಡಿ ತೋರಿಸಿದ್ದೆ, ನನ್ನನ್ನು ಯಾರೂ ತೋರಿಸಿರಲಿಲ್ಲ. ನೆಲದ ಮೇಲೆ ಕೂತು ಕೇಳಿದರೆ ಅದು ಹೀಗೆ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು.

“ಸಾಕ್ರಿ ಅಕ್ಕಾರ,” ಎಂದೆ. ಅದು ನನ್ನದೇ ದನಿ.

“ಸಾಕಾತಲ್ಲ? ಹಂಗಾರ ಕೇಳು. ಅಂಬಲಿ ಹೋತು, ಹೋಗ್ಲಿ. ಕಳೇ ತಗಿಯೋ ಹೆಣ್ಣಮಕ್ಕಳು ಆವತ್ತ ಬರೇ ಹೊಟ್ಟೀಲೆ ಮನಿಗಿ ಹ್ವಾದ್ರು. ಅದೂ ಹೋಗ್ಲಿ. ನೀ ಸದ್ದ ಮಾಡಿದ್ದಕ್ಕ ನಾ ಮುಳ್ಳ ಹಚ್ಚಿಲ್ಲ. ನಾ ಬಿದ್ದದ್ದ ನೋಡಿನೂ ಇಳೀಲಿಲ್ಲಲ್ಲ, ಅದಕ್ಕ ಹಚ್ಚೇನಿ.”

“ತುಂಬಿದ ಸೈಕಲ್ಲ ಇಳೀಲಿಕ್ಕೆ ಬರೂದಿಲ್ರಿ. ಅದು ನಮ್ಮ ಪದ್ಧತಿ...”

“ಅದ ಪದ್ಧತಿ ನನಗ ಬ್ಯಾಡಾಗೈತಿ. ಸೋಮವಾರ ಮುಂಜಾನಿ ಈ ಕಡೆ ಮುಳ್ಳ ತಗಸ್ತೇನಿ, ಆ ಕಡೆದು ಇರ್ತೈತಿ. ನಾ ಗಡಿಗಿ ಹೊತ್ತು ಎದುರು ಬರ್ತೇನಿ. ಮೂರೂ ಮಂದಿ ಬುಟ್ಟಿ ಸಮೇತ ಇಳದು ನಿಂದರ್ರಿ. ಇಳದ್ರ ಆ ಕಡೆ ಮುಳ್ಳೂ ತಗಿಯೂಣು. ಮಾಫಿ ಗೀಫಿ ಮನ್ಯಾಗ ಇಟ್ಕೊ.”

ಸೋಮವಾರಕ್ಕೆ ನಾಲ್ಕು ದಿನ ಇದ್ದವು.

ಪೈಲವಾನ ಸುತರಾಂ ಒಪ್ಪಲಿಲ್ಲ. ತಪ್ಪು ಮಾಡಿದವನು ಒಬ್ಬ, ಇಳಿಯಬೇಕಾದವರು ಮೂವರೇ? ಇವತ್ತು ಗಡಿಗೆಗೆ ಇಳಿದರೆ ನಾಳೆ ಮೇವಿನ ಹೊರೆಗೆ ಇಳಿಯಬೇಕು, ನಾಡಿದ್ದು ಕುರಿಗೆ. “ಹೇರಿದ್ದವಗ ದಾರಿ. ಇದನ್ನ ಬಿಟ್ರ ಒಡ್ಡಿನ ಮ್ಯಾಲ ಕಾನೂನ ಯಾವುದು ಉಳೀತು?”

ಚಾಚಾ ಹೇಳಿದರು: “ಕಾನೂನ ನಾವು ಮಾಡಿದ್ದಲ್ಲೋ. ಕ್ಯಾರಿಯರ್ ಮಾಡಿದ್ದು. ಇಳದ್ರ ಬುಟ್ಟಿ ಬೀಳ್ತೈತಿ, ಅದಕ್ಕ ಇಳೀಲಿಲ್ಲ. ಬೀಳದಂಗ ಆದ್ರ?” ಎಂದು ಎದ್ದು ಸೈಕಲ್ಲಿನ ಹಿಂದೆ ಕೂತು ನೋಡತೊಡಗಿದರು. ನಮ್ಮ ಕೆಲಸ ತಿರುಗಿದ್ದು ಅಲ್ಲಿಯೇ. ಇಳಿಯಬೇಕೋ ಬೇಡವೋ ಎಂಬ ವಾದ ಬಿಟ್ಟು, ಇಳಿಯುವುದು ಹೇಗೆ ಎಂದು ಹುಡುಕತೊಡಗಿದೆವು.

ಮೊದಲು ಒಂದು ಕವಲು ಕೋಲು ಕಡಿದೆವು. ಸೈಕಲ್ಲಿನ ನಡುವಿನ ದಂಡಕ್ಕೆ ತೊಗಲಿನ ಪಟ್ಟಿಯಿಂದ ಕಟ್ಟಿರುವುದು, ನಿಂತಾಗ ಒಂದು ತುದಿ ಬಿಚ್ಚಿ ಕ್ಯಾರಿಯರಿನ ಕೆಳಗೆ ಕವಲು ಕೊಡುವುದು. ತೋಟದ ಅಂಗಳದಲ್ಲಿ ಬುಟ್ಟಿಗೆ ಹಸಿಮಣ್ಣು ತುಂಬಿ ಪರೀಕ್ಷೆ ಮಾಡಿದೆವು. ಗಟ್ಟಿ ನೆಲದಲ್ಲಿ ನಿಂತಿತು. ಅದನ್ನೇ ಎರೆನೆಲಕ್ಕೆ ಒಯ್ದರೆ ಕೋಲು ಗೇಣುದ್ದ ಒಳಗೆ ಇಳಿದು, ಬುಟ್ಟಿ ನಮಸ್ಕಾರ ಹಾಕಿತು. ಕೋಲಿನ ಬುಡಕ್ಕೆ ಅಂಗೈಯಗಲ ಹಲಗೆಯ ಚೂರು ಹೊಡೆದೆವು. ನಿಂತಿತು. ಆದರೆ ಮುಂದಿನ ಗಾಲಿ ಇನ್ನೂ ಮೂಗು ಎತ್ತುತ್ತಿತ್ತು. ಬುಟ್ಟಿಯನ್ನು ಸೀಟಿಗೆ ತಾಗುವಷ್ಟು ಮುಂದಕ್ಕೆ ಸರಿಸಿ ಕಟ್ಟಿದೆವು. ತೋಟದಲ್ಲಿ ಗೋಣಿತಟ್ಟಿಗೆ ಸುರಿಯುತ್ತಿದ್ದ ನೀರನ್ನು ಅರ್ಧ ಮಾಡಿ, ಉಳಿದರ್ಧವನ್ನು ಒಡ್ಡಿಗೆ ಮೊದಲು ಸಿಗುವ ಹಳ್ಳ ದಾಟುವಾಗ ಚಿಮುಕಿಸುವುದೆಂದು ಚಾಚಾ ಹೇಳಿದರು. ನಾವು ಇಷ್ಟು ದಿನ ಎಲೆಯ ಜೊತೆ ಒಂದು ಕೊಡ ನೀರನ್ನೂ ಸುಮ್ಮನೆ ಹೊತ್ತು ತಿರುಗಿದ್ದೆವೆಂದು ಆಗ ಗೊತ್ತಾಯಿತು.

ಆಮೇಲೆ ಇಳಿಯುವ ಕಸರತ್ತು. ಹಿಂದೆ ಬುಟ್ಟಿ ಇರುವುದರಿಂದ ಕಾಲನ್ನು ಹಿಂದಿನಿಂದ ತಿರುಗಿಸಿ ಇಳಿಯಲು ಬರುವುದಿಲ್ಲ, ಮುಂದೆ ದಂಡದ ಮೇಲಿನಿಂದ ಎತ್ತಿ ತರಬೇಕು. ಪೈಲವಾನ ಬೈಯುತ್ತಲೇ ಎರಡೇ ಸಲಕ್ಕೆ ಕಲಿತ. ಚಾಚಾ ನಾಲ್ಕು ಸಲಕ್ಕೆ. ನನ್ನ ಕಾಲು ಗಿಡ್ಡ, ಧೋತರ ಉದ್ದ. ಒಂದು ಸಲ ಕಚ್ಚೆ ಸೀಟಿಗೆ ಸಿಕ್ಕಿ ನಾನು, ಸೈಕಲ್ಲು, ಬುಟ್ಟಿ ಮೂವರೂ ಒಟ್ಟಿಗೆ ಮಲಗಿದೆವು. ತೋಟದ ಹೆಂಗಸರು ಬಳ್ಳಿ ಬಿಟ್ಟು ನೋಡಲು ಬಂದರು. ಆಮೇಲೆ ಒಂದು ವಾರ ಅವರಲ್ಲೊಬ್ಬಳು ನಾನು ಬಿದ್ದದ್ದನ್ನು ಮಾಡಿ ತೋರಿಸುತ್ತಿದ್ದಳು. ಚೆನ್ನಾಗಿಯೇ ಮಾಡುತ್ತಿದ್ದಳು. ಕೊನೆಗೆ ಧೋತರ ಎತ್ತಿ ಮೊಣಕಾಲ ಮೇಲೆ ಬಿಗಿದು ಕಲಿತೆ. ಅಪ್ಪ ಅದನ್ನು ಕಂಡು ಪಾಠ ನಿಲ್ಲಿಸಿ ಬೇರೆ ಕಡೆ ನೋಡಿದರು.

ಇಳಿಯುವುದು ಸಾಧ್ಯವಾಯಿತು, ಹತ್ತುವುದು? ಕೋಲು ನಿಂತೇ ಇರುವಾಗ ದಂಡ ದಾಟಿ ಕೂತು, ಮುಂದಕ್ಕೆ ಒತ್ತಿದರೆ ಕೋಲು ತಾನೇ ಕಳಚಿ ತೊಗಲಿನಲ್ಲಿ ನೇತಾಡುತ್ತದೆಂದು ಪೈಲವಾನ ಕಂಡುಹಿಡಿದ. ಹಿಂದೆ ಹಿಡಿಯುವವರೇ ಬೇಡ. ಅವನು ಆ ಸಂತೋಷವನ್ನು ಮುಖಕ್ಕೆ ತರಲಿಲ್ಲ. “ಇದಕ್ಕೂ ದಾರಿಗೂ ಸಂಬಂಧ ಇಲ್ಲ. ನಾ ಒಪ್ಪಿಲ್ಲ,” ಎಂದ.

ಸೋಮವಾರ ಬಂತು. ಹಿಂದಿನ ದಿನ ಒಂದು ಹದ ಮಳೆಯಾಗಿತ್ತು. ಮಡ್‌ಗಾರ್ಡಿನಲ್ಲಿ ಎರೆಮಣ್ಣು ಕಚ್ಚಿ ಗಾಲಿ ತಿರುಗದಂತಾಗುತ್ತಿತ್ತು. ಹಳ್ಳ ದಾಟಿದ ಮೇಲೆ ಇಳಿದು ಕೋಲು ಕೊಟ್ಟು, ಕಡ್ಡಿಯಿಂದ ಕೆದರಿ, ನೀರು ಚಿಮುಕಿಸಿ ಮತ್ತೆ ಹತ್ತಿದೆವು. ಅದೂ ಹೊತ್ತು ತಿಂದಿತು. ಒಡ್ಡಿನ ಬಾಯಿಗೆ ಬಂದಾಗ ಈ ಕಡೆಯ ಮುಳ್ಳು ತೆಗೆದಿತ್ತು. ದೂರದ ತುದಿಯಲ್ಲಿ ಕಪ್ಪಗೆ ಆ ಕಡೆಯ ಕಂಟಿ. ಅದರಿಂದ ಈಚೆಗೆ ಎರಡು ಗಡಿಗೆ ಹೊತ್ತ ಆಕೃತಿ ಬರುತ್ತಿತ್ತು. ಇನ್ನೂ ಸ್ವಲ್ಪ ಕುಂಟುತ್ತಿದ್ದಳು.

ಚಾಚಾ ಮುಂದೆ, ನಡುವೆ ನಾನು, ಕೊನೆಗೆ ಪೈಲವಾನ. ಮೂವತ್ತು ಹೆಜ್ಜೆ ಇರುವಾಗ ಚಾಚಾ ಒಂದು ಸಲ ಬೆಲ್ಲು ಹೊಡೆದು ಇಳಿದರು. ಕೋಲು ಕೊಟ್ಟರು, ಒಡ್ಡಿನ ತಗ್ಗಿನ ಅಂಚಿಗೆ ಸರಿಸಿ ನಿಂತರು. ನಾನು ಇಳಿದೆ. ಧೋತರ ಕೈ ಕೊಡಲಿಲ್ಲ. ಪೈಲವಾನ ಒಂದು ಕಾಲು ನೆಲಕ್ಕೆ ಊರಿ ಬಹಳ ಹೊತ್ತು ಹಾಗೆಯೇ ನಿಂತಿದ್ದ. ಚಾಚಾ ಹಿಂದೆ ತಿರುಗಿ ನೋಡಿದರು. ಅವನೂ ಇಳಿದ.

ಆಕೆ ಅವಸರ ಮಾಡಲಿಲ್ಲ. ಚಾಚಾನನ್ನು ದಾಟಿದಳು. “ಸಲಾಮ್ರಿ ಅಕ್ಕಾ,” ಎಂದರು ಚಾಚಾ. “ಶರಣ್ರಿ,” ಎಂದಳು. ನನ್ನ ಹತ್ತಿರ ನಿಂತು, ಕುತ್ತಿಗೆ ಅಲುಗಿಸದೆ ಕಣ್ಣು ಮಾತ್ರ ಇಳಿಸಿ ಕೋಲಿನ ಬುಡದ ಹಲಗೆಯನ್ನು ನೋಡಿದಳು. ಸ್ಟೇಷನ್ನಿನಲ್ಲಿ ತಕ್ಕಡಿ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ನನ್ನ ಬಾಯಿಗೆ ನಾಲ್ಕು ಮಾತು ಬಂದವು, ನಾಲ್ಕನ್ನೂ ನುಂಗಿದೆ. ಆಕೆ ಮುಂದೆ ಹೋದಳು.

ಪೈಲವಾನನ ಎದುರಿಗೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಸೈಕಲ್ಲು ಒಡ್ಡಿನ ನಡುವೆಯೇ ಇತ್ತು, ಅವನು ಅಂಚಿಗೆ ಸರಿದಿರಲಿಲ್ಲ. “ಅಕ್ಕಾರ, ಹಿರೇರ ಮಾತಿಗೆ ಇಳದೇನಿ. ಆದ್ರ ನ್ಯಾಯದ ಮಾತ ಹೇಳ್ರಿ. ನನ್ನ ಬುಟ್ಟಿ ತೂಕ ಎಷ್ಟು, ನಿಮ್ಮ ಗಡಿಗಿ ತೂಕ ಎಷ್ಟು? ಹೇರಿದ್ದವಗ ದಾರಿ ಅಂದ್ರ ನೀವ ಸರೀಬೇಕಲ್ಲ?”

ಚಾಚಾ ಕಣ್ಣು ಮುಚ್ಚಿಕೊಂಡರು. ನಾಲ್ಕು ದಿನದ ಕೆಲಸ, ಅವರ ಟೈರು, ಮೂರು ಬುಟ್ಟಿ ಎಲೆ, ಎಲ್ಲ ಆ ಒಂದು ಮಾತಿಗೆ ಸಿಕ್ಕಿ ನಿಂತಿತು.

ಆಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಹತ್ತು ನೋಡೂಣು,” ಎಂದಳು.

“ಏನ್ರಿ?”

“ನಿನ್ನ ಸೈಕಲ್ಲ ಹತ್ತಪಾ.”

ಪೈಲವಾನ ನಮ್ಮನ್ನು ನೋಡಿದ, ಬುಟ್ಟಿಯನ್ನು ನೋಡಿದ. ದಂಡ ದಾಟಿ ಕೂತು ಮುಂದಕ್ಕೆ ಒತ್ತಿದ. ಕೋಲು ಕಳಚಿತು, ಸೈಕಲ್ಲು ಎರಡು ಮೊಳ ಸಲೀಸಾಗಿ ಉರುಳಿತು. ಬ್ರೇಕು ಹಿಡಿದು ಕಾಲು ಊರಿದ. ಯಾರೂ ಹಿಡಿದಿರಲಿಲ್ಲ. ತನ್ನ ಕೈಕೆಲಸ ಇಷ್ಟು ಚೆಂದಾಗಿ ನಡೆದದ್ದಕ್ಕೆ ಅವನ ಮುಖ ಅರಳಿತು. ಅದೇ ಮುಖದಲ್ಲಿ ಅವನು ಅವಳ ಉತ್ತರ ಕೇಳಿದ.

ಕೇಳಿದ್ದೇ ಮತ್ತೆ ಇಳಿದು, ಸೈಕಲ್ಲನ್ನು ಅಂಚಿಗೆ ಸರಿಸಿ, ಆಕೆ ದಾಟಿದ ಮೇಲೆ ಓಡುತ್ತ ಹೋಗಿ ಆ ತುದಿಯ ಜಾಲಿಕಂಟಿಯನ್ನು ಬರಿಗೈಯಲ್ಲಿ ಎಳೆದು ಹೊಲದ ಆಚೆ ಒಗೆದ. ಗುಮಾಸ್ತರು ತಕ್ಕಡಿಯ ಕೊಕ್ಕೆ ಬಿಚ್ಚುತ್ತಿರುವಾಗ ಮೂರು ಬುಟ್ಟಿಗಳನ್ನೂ ಮುಟ್ಟಿಸಿದೆವು. ಎತ್ತಿನ ಗಾಡಿಯವನನ್ನು ವ್ಯಾಪಾರಿ ವಾಪಸು ಕಳಿಸಿಬಿಟ್ಟ. ಅಂದಿನಿಂದ ಆ ಒಡ್ಡಿನ ಮೇಲೆ ಗಡಿಗೆ, ಮೇವಿನ ಹೊರೆ, ಯಾವುದು ತಲೆಯ ಮೇಲೆ ಬಂದರೂ ಎಲೆಯ ಸೈಕಲ್ಲು ಇಳಿಯುತ್ತದೆ. ಸೀರೆಗಂಟಿನವನೂ ಒಂದು ಕೋಲು ಮಾಡಿಸಿಕೊಂಡ. ನಾನು ಮಂದಿಯನ್ನೆಲ್ಲ ಮಾಡಿ ತೋರಿಸುತ್ತೇನೆ, ಆಕೆಯನ್ನು ಮಾತ್ರ ಮಾಡಲು ಹೋಗಿಲ್ಲ. ಆದ್ದರಿಂದ ಆಕೆ ಪೈಲವಾನನಿಗೆ ಅಂದದ್ದನ್ನು ದನಿಯಿಲ್ಲದೆ, ಅಕ್ಷರಕ್ಕೆ ಅಕ್ಷರ ಬರೆಯುತ್ತೇನೆ:

“ನೋಡು, ನೀ ಇಳದಿ, ಒಬ್ಬಾಂವನ ತಿರಿಗಿ ಹತ್ತಿದಿ. ನಾ ಈ ಗಡಿಗಿ ಇಲ್ಲೆ ಇಳಸಿದ್ರ ತಿರಿಗಿ ಹೊರಸಾಕ ಇನ್ನೊಬ್ರು ಬೇಕು. ತೂಕ ಹೇಳಬ್ಯಾಡ ನನಗ, ಸರಿ ಅತ್ಲಾಗ.”